ಚಕ್ರಕ್ಕೆ ಬೀಗ ಹಾಕಿ ಕೇಳಿದ ಹಣವನ್ನು ಕೊಡಲೇಬೇಕೇ?

ಕಾನೂನು ಅಂಕಣ: ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಮಂಡ್ಯದ ನಿವಾಸಿ. ನನ್ನ ಸ್ನೇಹಿತನ ಚಿಕ್ಕಪ್ಪನವರಿಗೆ ಬಾಲ್ಯದಲ್ಲೇ ಪೋಲಿಯೋ ತಗುಲಿ ಎರಡೂ ಕಾಲುಗಳು ಸೋತಿವೆ. ಅವರೂ ಮಂಡ್ಯದಲ್ಲೇ ವಾಸವಾಗಿದ್ದು, ಬ್ರೇಕು ಮತ್ತು ಆಕ್ಸಿಲರೇಟರ್ ಎರಡನ್ನೂ ಕೈಯಿಂದಲೇ ನಿಯಂತ್ರಿಸುವಂತೆ ಮಾರ್ಪಡಿಸಿದ ಕಾರನ್ನು ತಾವೇ ಓಡಿಸುತ್ತಾರೆ. ಕಳೆದ ತಿಂಗಳು ಮೈಸೂರಿನ ಒಂದು ವಾಣಿಜ್ಯ ಸಂಕೀರ್ಣಕ್ಕೆ ಬಟ್ಟೆ ಕೊಳ್ಳಲು ಹೋಗಿದ್ದರು. ನೆಲಮಾಳಿಗೆಯಲ್ಲಿ ಗಾಲಿಕುರ್ಚಿಯ ಗುರುತು ಬರೆದಿದ್ದ ಜಾಗದ ತುಂಬ ಯಾವುದೋ ಅಂಗಡಿಯ ರಟ್ಟಿನ ಪೆಟ್ಟಿಗೆಗಳೂ ನಾಲ್ಕೈದು ಬೈಕುಗಳೂ ಇದ್ದವಂತೆ. ಕಾರಿನ ಬಾಗಿಲನ್ನು ಪೂರ್ತಿ ತೆರೆಯದೆ ಗಾಲಿಕುರ್ಚಿಯನ್ನು ಹೊರತೆಗೆಯಲು ಆಗುವುದಿಲ್ಲವಾದ್ದರಿಂದ, ಅವರು ಗೋಡೆಯ ಪಕ್ಕದ ಎರಡು ಸಾಮಾನ್ಯ ಜಾಗಗಳ ನಡುವೆ, ಗೆರೆಯ ಮೇಲೆ ಕಾರು ನಿಲ್ಲಿಸಿದರು. ಮರಳಿ ಬಂದಾಗ ಮುಂದಿನ ಚಕ್ರಕ್ಕೆ ಲಾಕ್ ಹಾಕಿತ್ತು. ಪಾರ್ಕಿಂಗ್ ಗುತ್ತಿಗೆದಾರರ ಹುಡುಗರು ಲಿಫ್ಟಿನ ಬಳಿಯ ಕಂಬದ ಮೇಲಿದ್ದ ಇಂಗ್ಲಿಷ್ ಫಲಕವನ್ನು ತೋರಿಸಿ ₹1,000 ‘ಫೈನ್’ ಕೇಳಿದರು. ವಾದ ಮಾಡಿ, ಬೇಡಿ, ಕೊನೆಗೆ ಚಿಕ್ಕಪ್ಪನವರು ₹500 ಅನ್ನು ಫೋನ್‌ ಮೂಲಕ ಕಟ್ಟಿ ಕಾರು ಬಿಡಿಸಿಕೊಂಡು ಬಂದರು. ರಸೀದಿ ಕೊಡಲಿಲ್ಲ. ಪ್ರವೇಶದಲ್ಲಿ ₹40 ಕಟ್ಟಿದಾಗ ಕೊಟ್ಟಿದ್ದ ಟೋಕನ್ನನ್ನೂ ಹೊರಡುವಾಗ ಆ ಹುಡುಗರು ವಾಪಸು ಪಡೆದರು. ಈಗ ಉಳಿದ ₹500 ಕೊಡದಿದ್ದರೆ ಗಾಡಿಯನ್ನು ಆರ್‌ಟಿಒದಲ್ಲಿ ಬ್ಲಾಕ್ ಮಾಡಿಸುತ್ತೇವೆ ಎಂದು ಫೋನ್ ಮಾಡುತ್ತಿದ್ದಾರೆ. ಚಿಕ್ಕಪ್ಪನವರು ‘ಹೋಗ್ಲಿ ಬಿಡ್ರಪ್ಪ, ಐನೂರು ರೂಪಾಯಿಗೆ ಕೋರ್ಟು ಕಚೇರಿ ಯಾಕೆ’ ಎನ್ನುತ್ತಾರೆ. ನನಗೂ ಸ್ನೇಹಿತನಿಗೂ ಬಿಡಲು ಮನಸ್ಸಿಲ್ಲ. ಉಳಿದ ಹಣ ಕಟ್ಟಬೇಕೇ? ಕೊಟ್ಟದ್ದನ್ನು ವಾಪಸು ಕೇಳಬಹುದೇ? ಅವರ ಪರವಾಗಿ ನಾನು ಬರೆಯಬಹುದೇ?
— ಓದುಗರು, ಮಂಡ್ಯ

ಉತ್ತರ: ಉಳಿದ ₹500 ಅನ್ನು ಕಟ್ಟಬೇಡಿ. ಕೊಟ್ಟ ₹500 ಅನ್ನು ವಾಪಸು ಕೇಳಿ. ಕಾರಣಗಳನ್ನು ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಬರೆಯಬೇಕಾದ ಪತ್ರದ ಜೀವಾಳ ಅಲ್ಲಿದೆ. ಇಂಥ ಸಂದರ್ಭಗಳಲ್ಲಿ ‘ಪಾಪ, ಅಂಗವಿಕಲರು, ದಯವಿಟ್ಟು ಮನ್ನಾ ಮಾಡಿ’ ಎಂದು ಬರೆಯುವವರೇ ಹೆಚ್ಚು. ಹಾಗೆ ಬರೆದ ಕೂಡಲೇ ತಪ್ಪು ನಮ್ಮದೇ ಎಂದು ಒಪ್ಪಿಕೊಂಡಂತಾಗುತ್ತದೆ. ಮೀಸಲಿಟ್ಟ ಜಾಗವನ್ನು ಖಾಲಿ ಇರಿಸಬೇಕಾದ ಹೊಣೆ ಕಟ್ಟಡದವರದ್ದು; ಆ ಹೊಣೆಯನ್ನು ಅವರು ನಿಭಾಯಿಸಿದ್ದರೆ ನಿಮ್ಮ ಸ್ನೇಹಿತನ ಚಿಕ್ಕಪ್ಪನವರು ಗೆರೆಯ ಮೇಲೆ ಕಾರು ನಿಲ್ಲಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಖಾಸಗಿ ಗುತ್ತಿಗೆದಾರರಿಗೆ ಯಾರಿಗೂ ದಂಡ ವಿಧಿಸುವ ಅಧಿಕಾರವನ್ನು ಕಾನೂನು ಕೊಟ್ಟಿಲ್ಲ. ಸಂಚಾರ ನಿಯಮ ಉಲ್ಲಂಘನೆಗೆ ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ ದಂಡ ಹಾಕುವವರು ಪೊಲೀಸರು ಮತ್ತು ಸಾರಿಗೆ ಅಧಿಕಾರಿಗಳು. ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೂ ಗುತ್ತಿಗೆದಾರರಿಗೂ ನಡುವೆ ಇರುವುದು ಒಂದು ಒಪ್ಪಂದ ಮಾತ್ರ. ಆ ಒಪ್ಪಂದವನ್ನು ಮುರಿದರೆ ಇಷ್ಟು ಹಣ ಎಂದು ಫಲಕದಲ್ಲಿ ಬರೆದಿದ್ದರೂ, 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ನ್ಯಾಯಯುತವಾದ ಪರಿಹಾರವಷ್ಟೇ. ಬರೆದ ಮೊತ್ತ ಅದರ ಗರಿಷ್ಠ ಮಿತಿಯಾಗುತ್ತದೆಯೇ ಹೊರತು ಅದೇ ಹಕ್ಕಾಗುವುದಿಲ್ಲ. ಒಂದು ಜಾಗದ ಶುಲ್ಕ ₹40 ಇರುವಲ್ಲಿ ಎರಡನೆಯ ಜಾಗವನ್ನು ಕೆಲ ಹೊತ್ತು ಬಳಸಿದ್ದಕ್ಕೆ ₹1,000 ನಷ್ಟವಾಯಿತೆಂದು ಯಾವ ವೇದಿಕೆಯ ಮುಂದೆಯೂ ಸಾಧಿಸುವುದು ಕಷ್ಟ. ಅಲ್ಲದೆ, ಷರತ್ತು ಅನ್ವಯಿಸಬೇಕಾದರೆ ಒಳಗೆ ಬರುವ ಮೊದಲೇ ಅದು ಗ್ರಾಹಕರ ಕಣ್ಣಿಗೆ ಬೀಳಬೇಕು. ಗೇಟಿನಲ್ಲಿ ಹಣ ಪಡೆದು ಒಳಗೆ ಬಿಟ್ಟ ಮೇಲೆ, ಲಿಫ್ಟಿನ ಪಕ್ಕದ ಕಂಬದ ಮೇಲೆ, ಕನ್ನಡದ ಒಂದಕ್ಷರವೂ ಇಲ್ಲದೆ ಬರೆದಿರುವ ಷರತ್ತಿಗೆ ಅವರು ಒಪ್ಪಿಗೆ ಕೊಟ್ಟರೆಂದು ಹೇಳಲಾಗದು. ಫಲಕದಲ್ಲೋ ಟೋಕನ್ನಿನಲ್ಲೋ ಅಚ್ಚಾದದ್ದೆಲ್ಲ ಶಾಸನವಲ್ಲ: ದೆಹಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಯ ವಶಕ್ಕೆ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ, ‘ಮಾಲೀಕರದ್ದೇ ಜವಾಬ್ದಾರಿ’ ಎಂದು ಚೀಟಿಯಲ್ಲಿ ಬರೆದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ಹೇಳಿದೆ.

ಇನ್ನು ಚಕ್ರಕ್ಕೆ ಹಾಕಿದ ಬೀಗ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅವರು ಮಾಡಿದ ದೊಡ್ಡ ತಪ್ಪು ಇದು, ನಿಮಗೆ ಸಿಕ್ಕಿರುವ ದೊಡ್ಡ ಬಲವೂ ಇದೇ. ಅದೇ ಒಪ್ಪಂದ ಕಾಯ್ದೆಯ 15ನೇ ಕಲಮು, ಒಬ್ಬರ ಸ್ವತ್ತನ್ನು ಕಾನೂನುಬಾಹಿರವಾಗಿ ತಡೆಹಿಡಿದು ಒಪ್ಪಿಸುವುದನ್ನೂ ಬಲಾತ್ಕಾರವೆಂದೇ ಕರೆಯುತ್ತದೆ. ಬಲಾತ್ಕಾರದಿಂದ ಪಡೆದ ಹಣವನ್ನು ಹಿಂದಿರುಗಿಸಬೇಕೆಂದು 72ನೇ ಕಲಮು ಹೇಳುತ್ತದೆ. ಆ ಕಲಮಿನ ಕೆಳಗೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆಯೊಂದಿದೆ: ಸರಕನ್ನು ಬಿಡಬೇಕಾದರೆ ನ್ಯಾಯವಲ್ಲದ ಬಾಡಿಗೆಯನ್ನು ಕಟ್ಟಬೇಕೆಂದು ರೈಲ್ವೆ ಕಂಪನಿ ಪಟ್ಟು ಹಿಡಿಯುತ್ತದೆ, ಸರಕಿನವನು ಬೇರೆ ದಾರಿಯಿಲ್ಲದೆ ಕಟ್ಟುತ್ತಾನೆ, ಹೆಚ್ಚುವರಿಯಾಗಿ ಕಟ್ಟಿದ್ದನ್ನು ಮರಳಿ ಪಡೆಯಲು ಅವನು ಹಕ್ಕುದಾರನಾಗುತ್ತಾನೆ. ಸರಕಿನ ಜಾಗದಲ್ಲಿ ಕಾರನ್ನು ಇಟ್ಟು ಓದಿಕೊಳ್ಳಿ. ನಡೆಯಲಾಗದವರ ಕಾರನ್ನು ತಡೆಹಿಡಿಯುವುದೆಂದರೆ ಅವರನ್ನೇ ಅಲ್ಲಿ ಕೂಡಿಹಾಕಿದಂತೆ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಉಳಿದವರು ಆಟೋ ಹತ್ತಿ ಮನೆಗೆ ಹೋಗಿ ಮರುದಿನ ಬಂದು ಜಗಳವಾಡಬಹುದು, ಅವರಿಗೆ ಆ ಅವಕಾಶವೂ ಇರಲಿಲ್ಲ. ಮುಂದೆ ಯಾರಿಗಾದರೂ ಹೀಗಾದರೆ ಲಾಕನ್ನು ಒಡೆಯಲು ಹೋಗಬಾರದು, ಒಡೆದರೆ ದೂರು ತಿರುಗಿ ನಮ್ಮ ಮೇಲೆಯೇ ಬರುತ್ತದೆ. ಸ್ಥಳದಿಂದಲೇ 112ಕ್ಕೆ ಕರೆ ಮಾಡುವುದು ಮೇಲು.

ಆರ್‌ಟಿಒ ಬೆದರಿಕೆಗೆ ಸೊಪ್ಪು ಹಾಕಬೇಡಿ. ಸಾರಿಗೆ ಇಲಾಖೆಯ ದಾಖಲೆಯಲ್ಲಿ ವಾಹನವನ್ನು ತಡೆಹಿಡಿಯುವ ಅಧಿಕಾರ ಖಾಸಗಿ ಗುತ್ತಿಗೆದಾರರಿಗಿಲ್ಲ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ಕ್ಕೆ ಬರೋಣ. ಇದು 2017ರ ಏಪ್ರಿಲ್‌ 19ರಿಂದ ಜಾರಿಯಲ್ಲಿದೆ. ‘ಅದು ಸರ್ಕಾರಿ ಕಚೇರಿಗಳಿಗೆ ಮಾತ್ರ’ ಎಂದು ಗುತ್ತಿಗೆದಾರರು ಹೇಳಬಹುದು. ಕಾಯ್ದೆಯ ವ್ಯಾಖ್ಯೆಯಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಸಾರ್ವಜನಿಕರು ಬಳಸುವ ಸರ್ಕಾರಿ ಅಥವಾ ಖಾಸಗಿ ಕಟ್ಟಡ. ವಾಣಿಜ್ಯ ಚಟುವಟಿಕೆಯ ಕಟ್ಟಡಗಳೂ ಅದರಲ್ಲಿ ಸೇರಿವೆ. ಸೂಕ್ತ ಹೊಂದಾಣಿಕೆಯನ್ನು, ಅಂದರೆ ವಿಕಲಚೇತನರ ಅಗತ್ಯಕ್ಕೆ ತಕ್ಕ ಬದಲಾವಣೆಯನ್ನು, ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆ ಹೇಳುತ್ತದೆ. ಪ್ರವೇಶಯೋಗ್ಯತೆಯ (ವಿಕಲಚೇತನರೂ ಸುಲಭವಾಗಿ ಬಳಸುವಂತಿರಬೇಕೆಂಬ) ನಿಯಮ ಪಾಲಿಸದ ನಕ್ಷೆಗೆ ಕಟ್ಟಡದ ಅನುಮತಿಯನ್ನೇ ಕೊಡಬಾರದೆಂದು 44ನೇ ಕಲಮು ವಿಧಿಸುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಈ ಮೀಸಲು ಜಾಗಗಳು ಪ್ರವೇಶದ್ವಾರದಿಂದ 30 ಮೀಟರಿನ ಒಳಗಿರಬೇಕು, ಪ್ರತಿ ಜಾಗವೂ ಕನಿಷ್ಠ 3.6 ಮೀಟರ್ ಅಗಲವಿರಬೇಕು. ಸಾಮಾನ್ಯ ಜಾಗಕ್ಕಿಂತ ಒಂದು ಮೀಟರಿಗೂ ಹೆಚ್ಚಿನ ಈ ಅಗಲ ಇರುವುದು ಬಾಗಿಲು ಪೂರ್ತಿ ತೆರೆದು ಗಾಲಿಕುರ್ಚಿ ಇಳಿಸಲಿಕ್ಕಾಗಿಯೇ. ಎರಡು ಸಾಮಾನ್ಯ ಜಾಗಗಳ ನಡುವೆ ಕಾರು ನಿಲ್ಲಿಸಿದ ಚಿಕ್ಕಪ್ಪನವರು, ಕಟ್ಟಡದವರು ಕೊಡಬೇಕಾಗಿದ್ದ ಆ ಅಗಲವನ್ನು ತಾವೇ ಹುಡುಕಿಕೊಂಡರು, ಅಷ್ಟೆ. ಇವೆಲ್ಲ ಬರೀ ಸಲಹೆಗಳೆಂದು ಯಾರಾದರೂ ತಳ್ಳಿಹಾಕಿದರೆ, ಪ್ರವೇಶಯೋಗ್ಯತೆಯ ಮಾನದಂಡಗಳನ್ನು ಐಚ್ಛಿಕವಾಗಿ ಬಿಡಲಾಗದು, ಕಡ್ಡಾಯ ನಿಯಮಗಳನ್ನು ರೂಪಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ನೀಡಿದ ತೀರ್ಪನ್ನು ನೆನಪಿಸಿ.

ಪರವಾಗಿ ಬರೆಯುವ ಪ್ರಶ್ನೆಯಲ್ಲಿ ಮೊದಲ ಮಾತು ಚಿಕ್ಕಪ್ಪನವರದ್ದೇ. ಅವರು ಬೇಡವೆಂದರೆ ಬೇಡ. ನಿಮ್ಮ ಉತ್ಸಾಹಕ್ಕಾಗಿ ಅವರನ್ನು ಕಚೇರಿಯಿಂದ ಕಚೇರಿಗೆ ಅಲೆದಾಡಿಸುವುದು ಸಹಾಯವಲ್ಲ. ಆದರೆ ‘ಹೋಗ್ಲಿ ಬಿಡು’ ಎನ್ನುವವರಲ್ಲಿ ಅನೇಕರು ಹಾಗೆನ್ನುವುದು ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂಬ ಸಂಕೋಚದಿಂದ. ಟೈಪು ಮಾಡುವುದು, ಅಂಚೆಗೆ ಹಾಕುವುದು, ಫೋನಿಗೆ ಉತ್ತರಿಸುವುದು ನಮ್ಮ ಕೆಲಸ, ನೀವು ಓದಿ ಸಹಿ ಹಾಕಿದರೆ ಸಾಕು ಎಂದು ಒಮ್ಮೆ ಹೇಳಿ ನೋಡಿ. ಪತ್ರ ಅವರ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಬೇಕು. ಗ್ರಾಹಕ ಆಯೋಗದವರೆಗೆ ಹೋದರೂ ವಕೀಲರನ್ನು ಇಡಲೇಬೇಕೆಂದಿಲ್ಲ: ಸಂಬಂಧಿ, ನೆರೆಯವರು ಅಥವಾ ಸ್ನೇಹಿತರು ಲಿಖಿತ ಅಧಿಕಾರ ಪತ್ರ ಪಡೆದು, ಯಾವುದೇ ಪ್ರತಿಫಲ ಪಡೆಯದೆ ಪ್ರತಿನಿಧಿಯಾಗಿ ಹಾಜರಾಗಲು 2014ರ ನಿಯಮಾವಳಿ ಅವಕಾಶ ಕೊಡುತ್ತದೆ. ನಿಮಗಿಂತ ನಿಮ್ಮ ಸ್ನೇಹಿತನೇ ಪ್ರತಿನಿಧಿಯಾಗುವುದು ಸೂಕ್ತ. ಸಂಬಂಧವನ್ನು ವಿವರಿಸುವ ಕೆಲಸ ಕಡಿಮೆಯಾಗುತ್ತದೆ.

ಪತ್ರ ಬರೆಯುವ ಮುನ್ನ ದಾಖಲೆಗಳನ್ನು ಜೋಡಿಸಿಕೊಳ್ಳಿ. ಟೋಕನ್ ವಾಪಸು ಹೋಗಿದ್ದರೂ ₹40 ಅನ್ನು ಫೋನಿನಲ್ಲಿ ಕಟ್ಟಿದ್ದರೆ ಅದರ ವಿವರ ಬ್ಯಾಂಕಿನ ದಾಖಲೆಯಲ್ಲಿರುತ್ತದೆ. ಈ ಸಣ್ಣ ಮೊತ್ತವನ್ನು ಕಡೆಗಣಿಸಬೇಡಿ. ಹಣ ಕೊಟ್ಟು ಸೇವೆ ಪಡೆದವರು ಮಾತ್ರ ಗ್ರಾಹಕರಾಗುತ್ತಾರೆ. ಅವರನ್ನು ಗ್ರಾಹಕರೆಂದು ತೋರಿಸುವುದು ಆ ₹40, ಬಲವಂತದ ₹500 ಅಲ್ಲ. ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿಯ) ಪ್ರತಿ, ವಾಹನದ ಮಾರ್ಪಾಡು ನಮೂದಾಗಿರುವ ನೋಂದಣಿ ಪತ್ರದ ಪ್ರತಿ, ಬೆದರಿಕೆಯ ಕರೆಗಳು ಬಂದ ದಿನ ಮತ್ತು ಹೊತ್ತು, ಇವೂ ಇರಲಿ. ಮೈಸೂರಿಗೆ ಹೋದಾಗ ನೀವೇ ಆ ನೆಲಮಾಳಿಗೆಗೆ ಇಳಿದು ಗಾಲಿಕುರ್ಚಿ ಗುರುತಿನ ಮೇಲೆ ಈಗಲೂ ಏನಿದೆ ಎಂದು ಫೋಟೊ ತೆಗೆದುಕೊಳ್ಳಿ, ಒಂದು ಟೇಪು ಹಿಡಿದು ಅಗಲ ಅಳೆಯಿರಿ, ಗೇಟಿನಲ್ಲಿ ಷರತ್ತಿನ ಫಲಕ ಇದೆಯೋ ಇಲ್ಲವೋ ನೋಡಿ. ಸಿಸಿಟಿವಿ ದೃಶ್ಯಗಳು ಕೆಲವು ವಾರಗಳಲ್ಲೇ ಅಳಿಸಿಹೋಗುವುದು ಸಾಮಾನ್ಯ. ಆದ್ದರಿಂದ ಕಾನೂನಿನಲ್ಲಿ ಸಮಯವಿದ್ದರೂ ಪತ್ರವನ್ನು ತಡಮಾಡಬೇಡಿ.

ಪತ್ರವನ್ನು ಗುತ್ತಿಗೆದಾರರಿಗೆ ಮಾತ್ರವಲ್ಲ, ಕಟ್ಟಡದ ಮಾಲೀಕರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಗುತ್ತಿಗೆದಾರರು ಜಗ್ಗದಿದ್ದರೂ, ಕಟ್ಟಡದ ಅನುಮತಿಯ ಪ್ರಶ್ನೆ ಬಂದಾಗ ಮಾಲೀಕರು ಜಗ್ಗುತ್ತಾರೆ. ಒಕ್ಕಣೆ ಹೀಗಿರಲಿ:

‘ದಿನಾಂಕ … ರಂದು ನಿಮ್ಮ ಸಂಕೀರ್ಣದಲ್ಲಿ ₹40 ಶುಲ್ಕ ಪಾವತಿಸಿ ನನ್ನ ಮಾರ್ಪಡಿಸಿದ ಕಾರನ್ನು ನಿಲ್ಲಿಸಿದ್ದೆ. ವಿಕಲಚೇತನರಿಗೆ ಮೀಸಲಾದ ಜಾಗದಲ್ಲಿ ಸರಕು ಮತ್ತು ದ್ವಿಚಕ್ರ ವಾಹನಗಳಿದ್ದುದರಿಂದ, ಗಾಲಿಕುರ್ಚಿ ಇಳಿಸಲು ಬೇಕಾದ ಅಗಲಕ್ಕಾಗಿ ಎರಡು ಸಾಮಾನ್ಯ ಜಾಗಗಳನ್ನು ಬಳಸಬೇಕಾಯಿತು. ನಿಮ್ಮ ಸಿಬ್ಬಂದಿ ಚಕ್ರಕ್ಕೆ ಬೀಗ ಹಾಕಿ, ಹಣ ಕೊಡುವವರೆಗೆ ವಾಹನವನ್ನು ಬಿಡದೆ ₹500 ಪಡೆದರು, ರಸೀದಿ ನೀಡಲಿಲ್ಲ. ಈ ಹಣವನ್ನು ನಾನು ಸ್ವಇಚ್ಛೆಯಿಂದ ಕೊಟ್ಟಿಲ್ಲ. ಪತ್ರ ತಲುಪಿದ 15 ದಿನಗಳೊಳಗೆ ₹500 ಮರಳಿಸಬೇಕು, ಬಾಕಿ ಬೇಡಿಕೆಯನ್ನು ಬರವಣಿಗೆಯಲ್ಲಿ ಹಿಂಪಡೆಯಬೇಕು, ಮೀಸಲು ಜಾಗವನ್ನು ತೆರವುಗೊಳಿಸಬೇಕು, ಆ ದಿನದ ಸಿಸಿಟಿವಿ ದೃಶ್ಯಗಳನ್ನು ಕಾಯ್ದಿರಿಸಬೇಕು. ಬಳಸಿದ ಎರಡನೆಯ ಜಾಗದ ಸಾಮಾನ್ಯ ಶುಲ್ಕ ₹40 ಅನ್ನು ಪಾವತಿಸಲು ಸಿದ್ಧನಿದ್ದೇನೆ.’

ಕೊನೆಯ ವಾಕ್ಯವನ್ನು ಕಂಡು ನಿಮ್ಮ ಸ್ನೇಹಿತನಿಗೆ ಸಿಟ್ಟು ಬರಬಹುದು. ಇರಲಿ ಬಿಡಿ. ಎರಡು ಜಾಗ ಬಳಸಿದ್ದು ನಿಜ, ಎದುರು ಪಕ್ಷದವರಿಗೆ ಇರುವ ಒಂದೇ ವಾದವೂ ಅದೇ. ₹40 ಕೊಡುವುದಾಗಿ ಮೊದಲೇ ಹೇಳಿಬಿಟ್ಟರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಉತ್ತರ ಬರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಎಷ್ಟೋ ಸಂಸ್ಥೆಗಳು ಅಲ್ಲಿಂದ ಕರೆ ಬಂದ ಕೂಡಲೇ ಹಣ ಹಿಂದಿರುಗಿಸುತ್ತವೆ. ಆಗಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ, ಘಟನೆ ಮೈಸೂರಿನಲ್ಲಿ ನಡೆದಿದ್ದರೂ ನೀವು ಮಂಡ್ಯದ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಪ್ರತಿಫಲ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಘಟನೆ ನಡೆದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ರಸೀದಿ ಕೊಡದಿರುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ, ಮರೆಯದೆ ಬರೆಯಿರಿ. ಪರಿಹಾರವೆಂದು ಲಕ್ಷಗಟ್ಟಲೆ ಕೇಳಬೇಡಿ. ಅಂಥ ಬೇಡಿಕೆಗಳಿಂದ ದೂರಿನ ತೂಕ ಕಡಿಮೆಯಾಗುತ್ತದೆಯೆಂಬುದು ನನ್ನ ಅಭಿಪ್ರಾಯ. ವಕೀಲರು ಬೇಕೆನಿಸಿದರೆ, ವಿಕಲಚೇತನರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ, ಸಹಾಯವಾಣಿ 15100.

ಮೀಸಲು ಜಾಗದ ವಿಷಯವನ್ನು ರಾಜ್ಯ ವಿಕಲಚೇತನರ ಆಯುಕ್ತರಿಗೆ ಬೇರೆಯಾಗಿ ಬರೆಯಬಹುದು. ವಿಚಾರಣೆಯಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ, ಆದರೆ ಕೊನೆಗೆ ಅವರು ಕೊಡುವುದು ಶಿಫಾರಸು; ₹500 ವಾಪಸಿಗೆ ಆ ದಾರಿಯನ್ನು ನೆಚ್ಚಿಕೊಳ್ಳಬೇಡಿ. ಕಟ್ಟಡದ ಮಂಜೂರಾದ ನಕ್ಷೆಯಲ್ಲಿ ಮೀಸಲು ಜಾಗ ಎಲ್ಲಿದೆ ಎಂದು ಮಾಹಿತಿ ಹಕ್ಕಿನಡಿ ಮಹಾನಗರ ಪಾಲಿಕೆಯನ್ನು ಕೇಳಲು ₹10 ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು.

ಪ್ರಶ್ನೆ: ನನ್ನ ಗೆಳತಿಯ ಭಾವ ಇಂಗ್ಲೆಂಡಿನಲ್ಲಿದ್ದಾರೆ. ಪಾರ್ಶ್ವವಾಯುವಿನ ನಂತರ ಅವರಿಗೆ ಅಲ್ಲಿ ಬ್ಲೂ ಬ್ಯಾಡ್ಜ್ (ವಿಕಲಚೇತನರಿಗೆ ಕೊಡುವ ಪಾರ್ಕಿಂಗ್ ಗುರುತುಪತ್ರ) ಕೊಟ್ಟಿದ್ದಾರೆ. ಅಂಗಡಿಯೊಂದರ ಖಾಸಗಿ ಪಾರ್ಕಿಂಗಿನಲ್ಲಿ ಸಮಯ ಮೀರಿತೆಂದು 100 ಪೌಂಡ್‌ ಕಟ್ಟಲು, 14 ದಿನಗಳೊಳಗಾದರೆ 60 ಪೌಂಡ್‌ ಸಾಕೆಂದು, ಕ್ಯಾಮೆರಾ ಚಿತ್ರದೊಂದಿಗೆ ನೋಟಿಸು ಬಂದಿದೆ. ಗೆಳತಿಯ ಅಕ್ಕ ಗಾಬರಿಯಾಗಿ ನನ್ನನ್ನು ಕೇಳುತ್ತಿದ್ದಾರೆ. ಏನು ಹೇಳಲಿ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೇಲಿನ ಉತ್ತರದ ಕಲಮುಗಳು ಯಾವುವೂ ಅಲ್ಲಿಗೆ ಸಲ್ಲವು. ಅಲ್ಲಿನ ವ್ಯವಸ್ಥೆ ಬೇರೆ, ಒಂದರ್ಥದಲ್ಲಿ ನಮಗಿಂತ ಸ್ಪಷ್ಟ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು 2012ರ ಅಕ್ಟೋಬರ್ 1ರಿಂದಲೇ ನಿಷೇಧಿಸಿದ್ದಾರೆ. ಬದಲಿಗೆ, ಚಾಲಕರು ಯಾರೆಂದು ತಿಳಿಯದಿದ್ದರೆ ವಾಹನದ ನೋಂದಾಯಿತ ಬಳಕೆದಾರರಿಂದ ಹಣ ಕೇಳುವ ಅವಕಾಶವನ್ನು ಕಂಪನಿಗಳಿಗೆ ಕೊಟ್ಟಿದ್ದಾರೆ. ಆದರೆ ಕ್ಯಾಮೆರಾ ಆಧಾರದ ನೋಟಿಸು ಘಟನೆಯ 14 ದಿನಗಳೊಳಗೆ ತಲುಪಿರಬೇಕು. ಲಕೋಟೆಯನ್ನೂ ದಿನಾಂಕಗಳನ್ನೂ ಮೊದಲು ನೋಡಲು ಹೇಳಿ.

‘ಖಾಸಗಿ ನೋಟಿಸು ತಾನೇ, ಹರಿದು ಬಿಸಾಕು’ ಎಂದು ಸಲಹೆ ಕೊಡುವವರು ಅಲ್ಲಿಯೂ ಇದ್ದಾರೆ. ಅದನ್ನು ಕೇಳಬೇಡಿ. ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ, ಫಲಕದಲ್ಲಿ ಎದ್ದು ಕಾಣುವಂತೆ ಬರೆದಿದ್ದ 85 ಪೌಂಡ್ ಶುಲ್ಕವನ್ನು ಎತ್ತಿಹಿಡಿದಿದೆ. ಮೊದಲು ಕಂಪನಿಗೇ ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸಬೇಕು. ಬ್ಲೂ ಬ್ಯಾಡ್ಜ್ ಖಾಸಗಿ ಜಾಗಕ್ಕೆ ತಾನಾಗಿ ಅನ್ವಯಿಸುವುದಿಲ್ಲವಾದ್ದರಿಂದ ಅದರ ಪ್ರತಿಯನ್ನಷ್ಟೇ ಲಗತ್ತಿಸಿದರೆ ಸಾಲದು. 2010ರ ಸಮಾನತಾ ಕಾಯ್ದೆಯನ್ನು ಹೆಸರಿಸಿ, ನಡಿಗೆ ನಿಧಾನವಾದ್ದರಿಂದ ಹೆಚ್ಚಿನ ಸಮಯ ಕೊಡುವುದು ಅವರು ಮಾಡಬೇಕಾದ ಸೂಕ್ತ ಹೊಂದಾಣಿಕೆಯೆಂದು ಬರೆಯಬೇಕು. ಭಾವನವರು ಅಂಗಡಿಯಲ್ಲಿ ಕೊಂಡದ್ದರ ಬಿಲ್ಲಿದ್ದರೆ ಅಂಗಡಿಯ ವ್ಯವಸ್ಥಾಪಕರನ್ನೂ ಕಾಣಲಿ, ಅವರು ಒಂದು ಮಾತು ಹೇಳಿದರೆ ನೋಟಿಸು ರದ್ದಾಗುವುದುಂಟು. ಕಂಪನಿ ತಿರಸ್ಕರಿಸಿದರೆ, ಅದು ಸೇರಿರುವ ಪಾರ್ಕಿಂಗ್ ಕಂಪನಿಗಳ ಸಂಘವನ್ನು ಅನುಸರಿಸಿ ‘ಪಾಪ್ಲಾ’ ಅಥವಾ ‘ಐಎಎಸ್’ ಎಂಬ ಮೇಲ್ಮನವಿ ವೇದಿಕೆಗೆ ಹೋಗಬಹುದು. ಪಾಪ್ಲಾಕ್ಕಾದರೆ 28 ದಿನಗಳ ಅವಧಿ. ಅಲ್ಲಿ ಗೆದ್ದರೆ ಕಂಪನಿ ತಲೆಬಾಗಲೇಬೇಕು. ನ್ಯಾಯಾಲಯದ ಕಾಗದವೇ ಬಂದರೆ ಮಾತ್ರ ಒಂದು ದಿನವೂ ಸುಮ್ಮನಿರಬಾರದು.

ಪ್ರಶ್ನೆ: ಗಣಂಗೂರು ಟೋಲ್‌ನಲ್ಲಿ ವಿಕಲಚೇತನರ ಮಾರ್ಪಡಿಸಿದ ಕಾರಿಗೆ ವಿನಾಯಿತಿ ಇದೆಯೆನ್ನುತ್ತಾರೆ. ಅದೇ ಕಾಗದ ತೋರಿಸಿದರೆ ಖಾಸಗಿ ಪಾರ್ಕಿಂಗ್ ಶುಲ್ಕವೂ ಮಾಫಿಯಾಗುತ್ತದೆಯೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಆಗುವುದಿಲ್ಲ. ಟೋಲ್ ವಿನಾಯಿತಿ ಬಂದಿರುವುದು 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಿಂದ. ದೈಹಿಕ ವೈಕಲ್ಯವುಳ್ಳವರ ಬಳಕೆಗೆಂದೇ ವಿಶೇಷವಾಗಿ ರೂಪಿಸಿದ ವಾಹನಕ್ಕೆ ಅದು ಸಲ್ಲುತ್ತದೆ, ಹೆದ್ದಾರಿ ಪ್ರಾಧಿಕಾರದಿಂದ ವಿನಾಯಿತಿ ಫಾಸ್ಟ್ಯಾಗ್ ಪಡೆದಿರಬೇಕು. ಖಾಸಗಿ ಕಟ್ಟಡದವರು ಎಲ್ಲರಿಂದಲೂ ಪಡೆಯುವ ಸಾಮಾನ್ಯ ಶುಲ್ಕವನ್ನು ನಿಮ್ಮಿಂದಲೂ ಕೇಳಬಹುದು. ಶುಲ್ಕ ಕೊಟ್ಟ ಮೇಲೆ ಮೀಸಲು ಜಾಗ ಎಲ್ಲಿದೆಯೆಂದು ನೀವು ಅವರನ್ನು ಕೇಳಬಹುದು. ಅಲ್ಲಿ ಬೈಕುಗಳಿದ್ದರೆ, ಕಾರು ನಿಲ್ಲಿಸುವ ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.